ಎಂಟೂವರೆ ಲಕ್ಷದ ಹೆರಾಲ್ಡ್: ದುಡ್ಡು ಬಣ್ಣಕ್ಕೆ ಕೊಡೋದಾ, ಕಬ್ಬಿಣಕ್ಕೆ ಕೊಡೋದಾ?

ಬೆಣ್ಣೆನಗರಿ_ಗಾಡಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಈ ಹಳೇ ಗಾಡಿಗಳ ಫೋರಮ್ಮಿನಲ್ಲಿ ಓದುತ್ತಾ ಇದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲಿ ಒಬ್ಬ ಡಾಕ್ಟರ್ ಇದ್ದರು. ಅವರ ಹತ್ತಿರ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇತ್ತು. ಬಾನೆಟ್ ಎತ್ತಿದರೆ ಬರೀ ಮುಚ್ಚಳ ಅಲ್ಲ, ಮಡ್‌ಗಾರ್ಡು, ಲೈಟು ಎಲ್ಲ ಸಮೇತ ಇಡೀ ಮೂತಿಯೇ ಮುಂದಕ್ಕೆ ವಾಲುತ್ತಿತ್ತು. ಅವರು ಮುಂದಿನ ಟೈರಿನ ಮೇಲೆ ಕೂತುಕೊಂಡೇ ಪ್ಲಗ್ ಬಿಚ್ಚುತ್ತಿದ್ದರು. ಮಂಡಿಪೇಟೆಯ ಇಕ್ಕಟ್ಟಿನಲ್ಲಿ, ಕೈಗಾಡಿ, ಮೂಟೆಗಳ ಮಧ್ಯೆ, ಬೇರೆಯವರು ಹಿಂದೆ ಮುಂದೆ ಮಾಡಿಕೊಂಡು ಒದ್ದಾಡುವ ಜಾಗದಲ್ಲಿ ಒಂದೇ ಸಲಕ್ಕೆ ತಿರುಗಿಸಿಬಿಡುತ್ತಿದ್ದರು. ಒಮ್ಮೆ ನನಗೆ ಜ್ವರ ಜಾಸ್ತಿ ಆದಾಗ ಅದರಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಜ್ವರ ನೆನಪಿಲ್ಲ, ಗಾಡಿ ನೆನಪಿದೆ.

ಈಗ ನನಗೆ 44 ವರ್ಷ. ಬಟ್ಟೆ ಅಂಗಡಿ ಇದೆ. ಮೂರು ವರ್ಷ ಕೂಡಿಟ್ಟು ಏಳು ಲಕ್ಷ ಮಾಡಿಕೊಂಡಿದ್ದೇನೆ. ಮನೆಯವಳು ಒಪ್ಪಿದ್ದಾಳೆ. ಭಾನುವಾರ ಕೊಂಡಜ್ಜಿ ಕೆರೆವರೆಗೆ ಮಕ್ಕಳನ್ನು ಕೂರಿಸಿಕೊಂಡು ಹೋಗಿಬರಬೇಕು, ಅಷ್ಟೇ ಆಸೆ.

ಸಿಕ್ಕಿರುವುದು ಎರಡು ಗಾಡಿ. ಒಂದು ಬೆಂಗಳೂರಿನದು. 1966ರ ಮಾಡೆಲ್, ಎರಡು ಬಾಗಿಲು, ಕೆಂಪು ಬಣ್ಣ. "ನಟ್ಟು ಬೋಲ್ಟು ಬಿಚ್ಚಿ ಫುಲ್ ರಿಸ್ಟೋರ್ ಮಾಡಿದ್ದೇವೆ" ಎನ್ನುತ್ತಾರೆ. ಎಂಟೂವರೆ ಲಕ್ಷ, ಎಂಟಕ್ಕೆ ಇಳಿಯಬಹುದು. ಫೋಟೋದಲ್ಲಿ ಕನ್ನಡಿ ತರಹ ಹೊಳೆಯುತ್ತದೆ. ಇನ್ನೊಂದು ಚಳ್ಳಕೆರೆಯದು. ಒಂದು ಎಣ್ಣೆ ಮಿಲ್ಲಿನ ಗೋಡೌನಿನಲ್ಲಿ 2004ರಿಂದ ನಿಂತಿದೆ. ಬಿಳಿ ಬಣ್ಣ ಮುಟ್ಟಿದರೆ ಸುಣ್ಣದ ಹಾಗೆ ಕೈಗೆ ಬರುತ್ತದೆ. ಸೀಟು ಇಲಿ ತಿಂದಿದೆ. ಎಂಜಿನ್ ತಿರುಗುತ್ತಿಲ್ಲ. ಎರಡೂ ಕಾಲು ಲಕ್ಷ ಕೇಳುತ್ತಿದ್ದಾರೆ.

ಆರು ವರ್ಷದ ಹಿಂದೆ ನಮ್ಮ ಪರಿಚಯದವರೊಬ್ಬರು ಇಂಥದ್ದೇ ಗಾಡಿ, ಅದೂ ಓಡುವ ಗಾಡಿ, ಒಂದೂ ಕಾಲು ಲಕ್ಷಕ್ಕೆ ಕೊಟ್ಟರು. ಅಷ್ಟರಲ್ಲಿ ಏನಾಯಿತು? ಇಷ್ಟು ಬೆಲೆ ಕೊಟ್ಟರೆ ಅದಕ್ಕೆ ತಕ್ಕ ಕೆಲಸ ಒಳಗೆ ಆಗಿರುತ್ತದಾ? ನನಗೆ ಮೆಕ್ಯಾನಿಕ್ ಕೆಲಸ ಗೊತ್ತಿಲ್ಲ. ಏನು ನೋಡಬೇಕು, ಎಲ್ಲಿ ನೋಡಬೇಕು ಹೇಳಿ.

ಕೋಟೆಕಡೆಯವ (ಚಿತ್ರದುರ್ಗ)

ತಮ್ಮಾ, ನನ್ನ ಹತ್ತಿರ 22 ವರ್ಷದಿಂದ ಒಂದು ಹೆರಾಲ್ಡ್ ಇದೆ. ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಆ ಕೆಂಪು ಗಾಡಿಯನ್ನು ಫೋಟೋ ನೋಡಿ ಅಡ್ವಾನ್ಸ್ ಕೊಡಬೇಡ. ಹೋಗಿ ಅದರ ಕೆಳಗೆ ಮಲಗು.

ಈ ಗಾಡಿ ಹೇಗೆ ಕಟ್ಟಿದ್ದಾರೆ ಅಂತ ಗೊತ್ತಾದರೆ ಎಲ್ಲಿ ನೋಡಬೇಕು ಅನ್ನುವುದು ತಾನೇ ಗೊತ್ತಾಗುತ್ತದೆ. ಇಂಗ್ಲೆಂಡಿನ ಟ್ರಯಂಫ್ ಕಂಪನಿ 1959ರಲ್ಲಿ ಹೆರಾಲ್ಡ್ ತಂದಿತು. 1961ರಿಂದ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಕಂಪನಿ ಮಾಡಲು ಶುರು ಮಾಡಿತು. ಆ ಕಾಲಕ್ಕೆ ಬೇರೆ ಹೆಚ್ಚಿನ ಸಣ್ಣ ಕಾರುಗಳು ಚಾಸಿ (ಕೆಳಗಿನ ಕಬ್ಬಿಣದ ಚೌಕಟ್ಟು) ಬಿಟ್ಟು ಬಾಡಿಯನ್ನೇ ಬಲ ಮಾಡಿಕೊಂಡಿದ್ದವು. ಇದಕ್ಕೆ ಮಾತ್ರ ಲಾರಿಗೆ ಇದ್ದ ಹಾಗೆ ಬೇರೆ ಚಾಸಿ. ಅದರ ಮೇಲೆ ಬಾಡಿಯನ್ನು ತುಂಡು ತುಂಡಾಗಿ ಬೋಲ್ಟ್ ಹಾಕಿ ಕೂರಿಸಿದ್ದಾರೆ. 1962ರಲ್ಲಿ ಬಂದ ಸ್ಪಿಟ್‌ಫೈರ್ ಅನ್ನುವ ಚಂದದ ಸ್ಪೋರ್ಟ್ಸ್ ಕಾರು ಇದೆಯಲ್ಲ, ಅದು ಇದೇ ಚಾಸಿಯನ್ನು ಗಿಡ್ಡ ಮಾಡಿ ಕಟ್ಟಿದ್ದು. ಎರಡನ್ನೂ ಬರೆದವನು ಒಬ್ಬನೇ, ಇಟಲಿಯ ಮಿಕೆಲೊಟ್ಟಿ. ಮಂಡಿಪೇಟೆಯಲ್ಲಿ ಒಂದೇ ಸಲಕ್ಕೆ ತಿರುಗುತ್ತಿತ್ತು ಅಂದೆಯಲ್ಲ, ಸುಮಾರು 25 ಅಡಿ ಜಾಗ ಸಾಕು ಅದಕ್ಕೆ.

ಆದ್ದರಿಂದ ಈ ಗಾಡಿಯ ಜೀವ ಇರುವುದು ಚಾಸಿಯಲ್ಲಿ, ಬಣ್ಣದಲ್ಲಿ ಅಲ್ಲ. ಚಾಸಿಯ ನಡು ಕಂಬಿಯಿಂದ ಎರಡೂ ಪಕ್ಕಕ್ಕೆ ತೋಳಿನ ಹಾಗೆ ಚಾಚಿಕೊಂಡಿರುವ ಭಾಗಗಳಿವೆ. ಬಾಡಿಯನ್ನು ಹೊತ್ತಿರುವುದು ಅವೇ. ಟೈರು ಎರಚುವ ಕೆಸರೆಲ್ಲ ಅಲ್ಲೇ ಕೂರುತ್ತದೆ, ಒಳಗಿನಿಂದ ತುಕ್ಕು ಹಿಡಿಯುತ್ತದೆ. ಸ್ಕ್ರೂಡ್ರೈವರ್ ತೆಗೆದುಕೊಂಡು ಒತ್ತಿ ನೋಡು. ಟಣ್ ಅಂದರೆ ಸರಿ. ಮೆತ್ತಗೆ ಒಳಗೆ ಹೋದರೆ ಎದ್ದು ಬಾ. ಅಲ್ಲಿ ಹೊಸದಾಗಿ ದಪ್ಪಗೆ ಕಪ್ಪು ಟಾರಿನಂಥ ಕೋಟಿಂಗ್ ಬಳಿದಿದ್ದರೆ ಇನ್ನೂ ಜಾಸ್ತಿ ಅನುಮಾನ ಪಡು. ಒಳ್ಳೆ ಕೆಲಸ ಮಾಡಿದವನು ಬಳಿಯುವುದಕ್ಕೆ ಮುಂಚೆ ಫೋಟೋ ತೆಗೆದಿಟ್ಟಿರುತ್ತಾನೆ. ಕೇಳು. ಬಾಡಿ ಇಳಿಸಿ, ಬರೀ ಚಾಸಿ ನೆಲದ ಮೇಲೆ ನಿಂತ ಒಂದು ಫೋಟೋ ಕೂಡ ಇಲ್ಲ ಅಂದರೆ ನಟ್ಟು ಬೋಲ್ಟು ಬಿಚ್ಚಿದ್ದೇವೆ ಅನ್ನುವ ಮಾತಿಗೆ ಆಧಾರವೇ ಇಲ್ಲ.

ಬಾಗಿಲ ಕೆಳಭಾಗ, ಮಡ್‌ಗಾರ್ಡಿನ ಅಂಚು, ಡಿಕ್ಕಿಯ ನೆಲ ಇಲ್ಲೆಲ್ಲ ಮ್ಯಾಗ್ನೆಟ್ ಹಿಡಿ. ತೆಳು ಬಟ್ಟೆ ಸುತ್ತಿಕೊಂಡು ಹಿಡಿ, ಬಣ್ಣ ಗೀಚಬಾರದು. ಅಂಟದೆ ಜಾರಿದರೆ ಅಲ್ಲಿ ತಗಡು ಇಲ್ಲ, ಪುಟ್ಟಿ ಇದೆ. ತೆಳುವಾಗಿ ಪುಟ್ಟಿ ಹಾಕುವುದು ತಪ್ಪಲ್ಲ, ಪ್ರತಿ ಟಿಂಕರ್ ಹಾಕುತ್ತಾನೆ. ಬೆರಳು ದಪ್ಪ ತುಂಬಿದ್ದರೆ ಎರಡು ಮಳೆಗಾಲ, ಆಮೇಲೆ ಬಣ್ಣದ ಕೆಳಗೆ ಗುಳ್ಳೆ ಏಳುತ್ತದೆ.

ಈಗ ಮುಖ್ಯ ವಿಷಯ. ಮುಂದಿನ ಚಕ್ರದ ಒಳಗೆ, ಕೆಳಗಡೆ, ಹಿತ್ತಾಳೆಯಂಥ ಲೋಹದ ಒಂದು ತುಂಡು ಇದೆ, ಟ್ರನಿಯನ್ ಅನ್ನುತ್ತಾರೆ. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊತ್ತ ಉಕ್ಕಿನ ಕಂಬ ಅದರ ಮರೆಯೊಳಗೆ (ಥ್ರೆಡ್ಡಿನೊಳಗೆ) ಸ್ಕ್ರೂ ತರಹ ತಿರುಗುತ್ತದೆ. ಅದಕ್ಕೆ ಹಾಕಬೇಕಾದದ್ದು ಗೇರ್ ಆಯಿಲ್, 90 ನಂಬರಿನದು. ಗ್ರೀಸ್ ಅಲ್ಲ. ಗ್ರೀಸ್ ಹಾಕಿದರೆ ಮೇಲೆ ಗಟ್ಟಿಯಾಗಿ ಕೂತುಬಿಡುತ್ತದೆ, ಕೆಳಗಿನ ಮರೆಗೆ ಇಳಿಯುವುದಿಲ್ಲ. ಒಳಗೆ ನೀರು ಸೇರಿ ಉಕ್ಕು ತುಕ್ಕು ಹಿಡಿದು ಒಂದು ದಿನ ಪಟ್ ಅಂತ ಮುರಿಯುತ್ತದೆ, ಚಕ್ರ ಒಳಗೆ ಮಡಚಿಕೊಳ್ಳುತ್ತದೆ. ನನಗೆ ಆಗಿದೆ. ಹೊಳಲ್ಕೆರೆ ರಸ್ತೆಯಲ್ಲಿ, ಪುಣ್ಯಕ್ಕೆ ಗಾಡಿ ನಿಧಾನ ಇತ್ತು, ಪಕ್ಕದಲ್ಲಿ ಮಗಳಿದ್ದಳು. ಅದಕ್ಕೆ ಮುಂಚೆ ನಾನು ಒಂದು ಲಕ್ಷ ಹತ್ತಿರ ಖರ್ಚು ಮಾಡಿ ಪೇಂಟ್, ಸೀಟು, ಕ್ರೋಮ್ ಎಲ್ಲ ಮಾಡಿಸಿದ್ದೆ. ಆ ಗ್ಯಾರೇಜಿನವರು ಪ್ರತಿ ಸಲ ಗ್ರೀಸ್ ಗನ್ ಹಿಡಿದೇ ಸರ್ವಿಸ್ ಮಾಡಿದ್ದರು, ನಾನೂ ಕೇಳಿರಲಿಲ್ಲ. ಬೆಂಗಳೂರಿಗೆ ಹೋದಾಗ ಮಾರುವವರನ್ನು ಇದೊಂದೇ ಪ್ರಶ್ನೆ ಕೇಳು: "ಟ್ರನಿಯನ್‌ಗೆ ಏನು ಹಾಕಿದ್ದೀರಿ?" ಉತ್ತರದಲ್ಲಿ ಎಲ್ಲ ಗೊತ್ತಾಗುತ್ತದೆ.

ಚಳ್ಳಕೆರೆ ಗಾಡಿ ಬಗ್ಗೆ ನನಗೆ ಆಸೆ ಹುಟ್ಟಿದೆ. ನಮ್ಮ ಕಡೆ ಮಳೆ ಕಡಿಮೆ, ಗಾಳಿ ಒಣ. ಮಂಗಳೂರು, ಉಡುಪಿ ಕಡೆಯ ಗಾಡಿಗಳ ನೆಲ ಜಾಲರಿಯಂತಾಗಿರುವುದನ್ನು ನೋಡಿದ್ದೇನೆ. ಇಲ್ಲಿ ಸೂರಿನ ಕೆಳಗೆ ನಿಂತ ಗಾಡಿಯ ರಬ್ಬರು, ಬಟ್ಟೆ, ಬಣ್ಣ ಹಾಳಾಗಿರುತ್ತದೆ, ತಗಡು ಉಳಿದಿರುತ್ತದೆ. ರಬ್ಬರು, ಬಟ್ಟೆ ಹೊಸದು ತರಬಹುದು. ಹೋದ ತಗಡು ತರುವುದು ಕಷ್ಟ.

ಹರಾಜು_ನೋಡುವವ (ದಾವಣಗೆರೆ)

ಬೆಲೆ ಯಾಕೆ ಏರಿತು ಅಂತ ಕೇಳಿದ್ದೀರಿ. ನಾನು ಹೊರದೇಶದ ಹರಾಜುಗಳನ್ನು ಸುಮಾರು ವರ್ಷದಿಂದ ನೋಡಿಕೊಂಡು ಬಂದಿದ್ದೇನೆ, ನನಗೆ ಅನ್ನಿಸಿದ್ದು ಹೇಳುತ್ತೇನೆ.

2022ರಲ್ಲಿ ಮರ್ಸಿಡಿಸ್‌ನ 1955ರ 300 ಎಸ್‌ಎಲ್‌ಆರ್ ಕೂಪೆ ಒಂದು 13.5 ಕೋಟಿ ಯೂರೋಗೆ ಹೋಯಿತು. ಅಂಥದ್ದು ಮಾಡಿರುವುದೇ ಎರಡು. ಫೆರಾರಿ 250 ಜಿಟಿಒ ಅಂತ ಇದೆ, 1962ರಿಂದ 64ರವರೆಗೆ ಮಾಡಿದ್ದು ಒಟ್ಟು 36. 2018ರಲ್ಲಿ ಒಂದು 4.84 ಕೋಟಿ ಡಾಲರಿಗೆ ಮಾರಾಟ ಆಯಿತು. ಅಲ್ಲಿ ಮೇಲಿನ ಮೆಟ್ಟಿಲು ಏರಿದಾಗೆಲ್ಲ ಕೆಳಗಿನ ಮೆಟ್ಟಿಲೂ ಏರುತ್ತದೆ. ಫೆರಾರಿ ಕೈಗೆ ಸಿಗದವರು ಜಾಗ್ವಾರ್ ಇ-ಟೈಪ್ ಕಡೆ ನೋಡುತ್ತಾರೆ, ಅದೂ ಎಟುಕದವರು ಸ್ಪಿಟ್‌ಫೈರ್ ಕಡೆ. ನಮ್ಮಲ್ಲಿ ಆ ಕಾಲದಲ್ಲಿ ಇಂಥ ಸ್ಪೋರ್ಟ್ಸ್ ಕಾರುಗಳು ಬೆರಳೆಣಿಕೆಯಷ್ಟು ಬಂದವು, ಹಾಗಾಗಿ ಅವುಗಳ ಬಂಧುಗಳಾದ ಎರಡು ಬಾಗಿಲಿನ ಹೆರಾಲ್ಡ್‌ಗೆ ಆ ಆಸೆ ಎಲ್ಲ ಬಂದು ಬಿದ್ದಿದೆ. ಇನ್ನೊಂದು ಕಾರಣ ನೀವೇ ಬರೆದಿದ್ದೀರಿ. ಚಿಕ್ಕಂದಿನಲ್ಲಿ ಬೀದಿಯಲ್ಲಿ ನೋಡಿದವರಿಗೆ ಈಗ ನಲವತ್ತು, ಐವತ್ತು ವರ್ಷ. ಕೈಯಲ್ಲಿ ಸ್ವಲ್ಪ ದುಡ್ಡಿದೆ. ಗಾಡಿಗಳು ಮಾತ್ರ ಹೆಚ್ಚಾಗುವುದಿಲ್ಲ, ಗುಜರಿಗೆ ಹೋದದ್ದು ಹೋಯಿತು.

ನನಗೆ ಬೇಜಾರಾಗುವುದು ಬೇರೆ ಕಡೆ. ಬೆಲೆ ಕಡಿಮೆ ಇದ್ದಾಗ ಹಳೇ ಗಾಡಿ ರಿಸ್ಟೋರ್ ಮಾಡಿಸುತ್ತಿದ್ದವರು ತಾವು ಓಡಿಸಲಿಕ್ಕೆ ಮಾಡಿಸುತ್ತಿದ್ದರು. ಖರ್ಚು ಮಾಡಿದಷ್ಟು ವಾಪಸ್ ಬರುವುದಿಲ್ಲ ಅಂತ ಗೊತ್ತಿದ್ದರೂ ಬ್ರೇಕು, ಸಸ್ಪೆನ್ಷನ್ ಸರಿ ಮಾಡಿಸುತ್ತಿದ್ದರು, ಯಾಕಂದರೆ ಒಳಗೆ ಕೂರುವವರು ಅವರೇ. ಬೆಲೆ ಏರಿದ ಮೇಲೆ ಮಾರುವುದಕ್ಕೇ ರಿಸ್ಟೋರ್ ಮಾಡುವವರು ಬಂದರು. ಅವರ ದುಡ್ಡು ಕೊಳ್ಳುವವನ ಕಣ್ಣು ಎಲ್ಲಿ ಹೋಗುತ್ತದೋ ಅಲ್ಲಿಗೆ ಹೋಗುತ್ತದೆ. ಬಣ್ಣ, ಕ್ರೋಮ್, ಸೀಟಿನ ಹೊಲಿಗೆ, ಬಿಳಿ ಪಟ್ಟಿಯ ಟೈರು. ಕ್ರೋಮ್ ತೆಗೆದುಕೊಳ್ಳಿ. ಸರಿಯಾಗಿ ಮಾಡಬೇಕಾದರೆ ಹಳೆಯದನ್ನು ಪೂರ್ತಿ ಕಿತ್ತು, ತಾಮ್ರ ಹಚ್ಚಿ ಪಾಲಿಶ್ ಮಾಡಿ, ಅದರ ಮೇಲೆ ನಿಕಲ್, ಅದರ ಮೇಲೆ ತೆಳುವಾಗಿ ಕ್ರೋಮ್. ತಾಮ್ರ ಬಿಟ್ಟರೂ ಫೋಟೋದಲ್ಲಿ ಒಂದೇ ಥರ ಕಾಣುತ್ತದೆ. ವರ್ಷ ಕಳೆದ ಮೇಲೆ ಬಂಪರ್ ಮೇಲೆ ಕಂದು ಚುಕ್ಕೆ ಬೀಳುತ್ತದೆ.

ಇದು ನಮ್ಮಲ್ಲೇ ಅಲ್ಲ. 1988ರಲ್ಲಿ ಎಂಜೋ ಫೆರಾರಿ ತೀರಿಕೊಂಡ ಮೇಲೆ ಹಳೇ ಸ್ಪೋರ್ಟ್ಸ್ ಕಾರುಗಳ ಬೆಲೆ ಹುಚ್ಚಾಪಟ್ಟೆ ಏರಿ, 1990ರ ಸುಮಾರಿಗೆ ಕುಸಿಯಿತು. ಏರಿದಾಗ ಕೊಂಡವರು ಪೆಟ್ಟು ತಿಂದರು. ಈಗ ಅಮೆರಿಕದ ಪೆಬಲ್ ಬೀಚ್ ಪ್ರದರ್ಶನದಲ್ಲಿ ರಿಸ್ಟೋರ್ ಮಾಡದೆ ಹಾಗೇ ಉಳಿಸಿಕೊಂಡ ಗಾಡಿಗಳಿಗೇ ಬೇರೆ ವಿಭಾಗ ಇದೆ. ಮಾಸಿದ ಬಣ್ಣ, ಹರಿದ ಸೀಟು ಇದ್ದರೂ ಅದಕ್ಕೆ ಬೆಲೆ, ಯಾಕಂದರೆ ಅದರಲ್ಲಿ ಯಾರೂ ಏನೂ ಮುಚ್ಚಿಟ್ಟಿಲ್ಲ. ನಿಮ್ಮ ಚಳ್ಳಕೆರೆ ಗಾಡಿಯ ಬಿಳಿ ಬಣ್ಣ ಫ್ಯಾಕ್ಟರಿಯದೇ ಆಗಿದ್ದರೆ ದಯವಿಟ್ಟು ಅದನ್ನು ಕೆರೆಸಬೇಡಿ.

ಕಾಂಟೆಸ್ಸಾ_84 (ಹಿರಿಯೂರು)

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ಎರಡೂ ಕಾಲು ಲಕ್ಷದ ಗಾಡಿ ಎರಡೂ ಕಾಲು ಲಕ್ಷಕ್ಕೆ ಮುಗಿಯುವುದಿಲ್ಲ. ನಾನು ಕಾಂಟೆಸ್ಸಾ ಒಂದನ್ನು 80 ಸಾವಿರಕ್ಕೆ ತಂದೆ. ಆರು ತಿಂಗಳು ಅಂದಿದ್ದ ಗ್ಯಾರೇಜಿನಲ್ಲಿ ಮೂರು ವರ್ಷ ಇತ್ತು. ನಡುವೆ ಟಿಂಕರ್ ಕೆಲಸದವರು ಊರು ಬಿಟ್ಟರು, ಬಿಚ್ಚಿಟ್ಟ ಬೀಡಿಂಗು, ಹಿಡಿಕೆ, ಒಂದು ಪೆಟ್ಟಿಗೆ ಸಾಮಾನು ಕಳೆದೇ ಹೋಯಿತು. ಒಟ್ಟು ಐದೂವರೆ ಲಕ್ಷ ಆಯಿತು. ಅಷ್ಟಕ್ಕೆ ಆವಾಗ ಚೆನ್ನಾಗಿರುವ ಗಾಡಿಯೇ ಸಿಗುತ್ತಿತ್ತು. ನಮ್ಮಪ್ಪಾಜಿ ಅದರಲ್ಲಿ ಒಂದು ಸಲ ಕೂರಬೇಕು ಅಂತಿದ್ದರು. ಗಾಡಿ ಆಚೆ ಬರುವ ಹೊತ್ತಿಗೆ ಅವರು ಇರಲಿಲ್ಲ. ಆದ್ದರಿಂದ ಕೆಲಸ ನಿಜವಾಗಿ ಆಗಿದ್ದರೆ ರೆಡಿ ಗಾಡಿಗೆ ಜಾಸ್ತಿ ಕೊಡುವುದು ತಪ್ಪಲ್ಲ. ಬೇರೆಯವರ ಮೂರು ವರ್ಷವನ್ನೂ ನಾವು ಕೊಳ್ಳುತ್ತಿರುತ್ತೇವೆ.

ಮತ್ತೆ ಕಾಗದ. ಚಳ್ಳಕೆರೆ ಗಾಡಿಯ ಆರ್‌ಸಿ ಯಾರ ಹೆಸರಿನಲ್ಲಿದೆ? ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಫಾರಂ 31ರಲ್ಲಿ ವರ್ಗ ಆಗಬೇಕು, ಆಮೇಲೆ ನಿಮ್ಮ ಹೆಸರಿಗೆ. ಚಾಸಿ ನಂಬರ್ ತಗಡಿನ ಮೇಲೆ ಓದಲಿಕ್ಕೆ ಬರುತ್ತದಾ, ಆರ್‌ಸಿ ಪುಸ್ತಕದಲ್ಲಿರುವುದಕ್ಕೆ ಹೊಂದುತ್ತದಾ ನೋಡಿ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಇದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ. ಆದರೆ ಹಾಗೆ ಮಾಡಿಸಿದರೆ ಪ್ರದರ್ಶನ, ರ‍್ಯಾಲಿ ಅಂಥದ್ದಕ್ಕೆ ಮಾತ್ರ ಆಚೆ ತೆಗೆಯಬಹುದು, ಮಾಮೂಲಿ ಓಡಾಟಕ್ಕೆ ಇಲ್ಲ. ಪ್ರತಿ ಭಾನುವಾರ ಕೊಂಡಜ್ಜಿಗೆ ಹೋಗಬೇಕು ಅನ್ನುವವರಿಗೆ ಮಾಮೂಲಿ ಆರ್‌ಸಿಯನ್ನೇ ಜೀವಂತ ಇಡುವುದು ಒಳ್ಳೆಯದು.

ಲೇತ್_ಹರಿಹರ (ಹರಿಹರ)

ಎಂಜಿನ್ ತಿರುಗುತ್ತಿಲ್ಲ ಅಂತ ಹೆದರಬೇಡಿ ಸರ್. ಇಪ್ಪತ್ತು ವರ್ಷ ನಿಂತರೆ ಪಿಸ್ಟನ್ ರಿಂಗು ಬೋರಿಗೆ (ಸಿಲಿಂಡರಿನ ಒಳಗೋಡೆಗೆ) ಹಿಡಿದುಕೊಂಡಿರುತ್ತದೆ, ಅಷ್ಟೇ. ಯಾರೂ ಗಾಡಿ ತಳ್ಳಿ ಗೇರಿಗೆ ಹಾಕಿ ಎಳೆಯಬೇಡಿ, ರಿಂಗ್ ಮುರಿಯುತ್ತದೆ. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಸ್ವಲ್ಪ ಸುರಿಯಿರಿ. ಒಂದು ವಾರ ಬಿಡಿ. ಆಮೇಲೆ ಕ್ರ್ಯಾಂಕಿನ ಮುಂದಿನ ಪುಲ್ಲಿಗೆ ಸ್ಪ್ಯಾನರ್ ಹಾಕಿ ಕೈಯಲ್ಲಿ ಮೆಲ್ಲಗೆ ಅಲ್ಲಾಡಿಸಿ.

ಇದು 948 ಸಿಸಿ ಎಂಜಿನ್, ಬೋರ್ 63 ಮಿಲಿಮೀಟರ್, ಸ್ಟ್ರೋಕ್ 76. ಕ್ರ್ಯಾಂಕಿಗೆ ಮೂರೇ ಮೇನ್ ಬೇರಿಂಗ್. ಸಾದಾ ಎಂಜಿನ್, ಒಳ್ಳೆ ಲೇತ್, ಒಳ್ಳೆ ಬೋರಿಂಗ್ ಮಿಷಿನ್ ಇದ್ದರೆ ನಮ್ಮೂರಲ್ಲೇ ಆಗುತ್ತದೆ. ಹರಿಹರದಲ್ಲಿ ಲೇತ್ ಮಿಷಿನ್ನನ್ನೇ ಮಾಡುತ್ತಿದ್ದ ಮೈಸೂರು ಕಿರ್ಲೋಸ್ಕರ್ ಇತ್ತಲ್ಲ, ಅಲ್ಲಿ ಕೆಲಸ ಕಲಿತವರ ಕೈ ಕೆಳಗೆ ನಾನು ಕಲಿತೆ. ಮೈಕ್ರೋಮೀಟರ್ ಇಡದೆ "ಸರಿ ಇದೆ" ಅನ್ನುವ ಮಾತೇ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಆ ಕೈಗಳಿಗೆ ಈಗ ವಯಸ್ಸಾಗಿದೆ. ಗಾಡಿಯ ಬೆಲೆ ಇಷ್ಟು ಏರಿದೆ ಅನ್ನುತ್ತೀರಿ, ಬೋರ್ ಹೊಡೆಯುವವನ ಕೂಲಿ ಕೇಳಿದರೆ ಮಾತ್ರ ಎಲ್ಲರೂ ಚೌಕಾಸಿ ಮಾಡುತ್ತಾರೆ. ಹುಡುಗರು ಯಾಕೆ ಕಲಿಯುತ್ತಾರೆ ಹೇಳಿ. ಇದು ನನಗೆ ನಿಜವಾಗಿ ನೋವಿನ ಮಾತು.

ಬೆಂಗಳೂರಿನ ಗಾಡಿಯವರ ಹತ್ತಿರ ಎಂಜಿನ್ ಕೆಲಸದ ಚೀಟಿ ಕೇಳಿ. ಬೋರ್ ಎಷ್ಟಕ್ಕೆ ಹೊಡೆದರು, ಯಾವ ಓವರ್‌ಸೈಜ್ ಪಿಸ್ಟನ್, ಕ್ರ್ಯಾಂಕ್ ಗ್ರೈಂಡ್ ಆಗಿದೆಯಾ, ಯಾವ ಅಂಡರ್‌ಸೈಜ್ ಬೇರಿಂಗ್. ಅಂಕಿ ಬರೆದಿರುವ ಚೀಟಿ ಇದ್ದರೆ ಎಂಜಿನ್ ಬಿಚ್ಚಿದ್ದಾರೆ. "ಎಂಜಿನ್ ಓವರ್‌ಹಾಲ್" ಅಂತ ಒಂದೇ ಸಾಲು ಇದ್ದರೆ ಹೊರಗೆ ಬಣ್ಣ ಹೊಡೆದು ಹೊಸ ಗ್ಯಾಸ್ಕೆಟ್ ಹಾಕಿರಬಹುದು.

ಇನ್ನೆರಡು ವಿಷಯ ಯಾರೂ ಹೇಳಲಿಲ್ಲ. ಈ ಎಂಜಿನ್ ಸೀಸ ಬೆರೆಸಿದ ಪೆಟ್ರೋಲಿನ ಕಾಲದ್ದು. 2000ದಲ್ಲಿ ದೇಶದಲ್ಲಿ ಆ ಪೆಟ್ರೋಲ್ ನಿಂತಿತು. ಹೆಡ್ ಬಿಚ್ಚಿದಾಗ ಎಕ್ಸಾಸ್ಟ್ ವಾಲ್ವಿಗೆ ಗಟ್ಟಿ ಸೀಟ್ (ವಾಲ್ವ್ ಕೂರುವ ಬಳೆ) ಕೂರಿಸಿಬಿಡಿ, ಇಲ್ಲದಿದ್ದರೆ ಸೀಟು ಮೆಲ್ಲಗೆ ಸವೆದು ವಾಲ್ವ್ ಒಳಗೆ ಇಳಿಯುತ್ತದೆ. ಎರಡನೆಯದು ಈಗಿನ 20 ಪರ್ಸೆಂಟ್ ಎಥನಾಲ್ ಪೆಟ್ರೋಲು. ಹಳೇ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಂ ಮೆತ್ತಗಾಗಿ ಬಿರಿಯುತ್ತದೆ, ಪೆಟ್ರೋಲ್ ಬಿಸಿ ಎಂಜಿನ್ ಮೇಲೆ ತೊಟ್ಟಿಕ್ಕುತ್ತದೆ. ಎಥನಾಲ್ ತಡೆಯುವ ಪೈಪು ಸಿಗುತ್ತದೆ, ದೊಡ್ಡ ಖರ್ಚಲ್ಲ. ಎಂಟು ಲಕ್ಷದ ಗಾಡಿಯಲ್ಲಿ ಈ ಪೈಪು ಬದಲಾಗಿದೆಯಾ ಅಂತ ನೋಡಿ.

ಬೆಣ್ಣೆನಗರಿ_ಗಾಡಿ (ದಾವಣಗೆರೆ)

ಎಲ್ಲರಿಗೂ ಕೈ ಮುಗಿಯುತ್ತೇನೆ. ಇಷ್ಟು ಬಿಡಿಸಿ ಹೇಳುತ್ತೀರಿ ಅಂದುಕೊಂಡಿರಲಿಲ್ಲ. ಎರಡೂ ಗಾಡಿ ನೋಡಿಕೊಂಡು ಬಂದೆ.

ಬೆಂಗಳೂರಿನ ಗಾಡಿ ಮೊದಲು. ನಿಂತಲ್ಲಿ ಬಹಳ ಚಂದ ಇದೆ, ಸುಳ್ಳು ಹೇಳಬಾರದು. ಸ್ಟಾರ್ಟ್ ಆಯಿತು, ಓಡಿತು. ಕೆಳಗೆ ಮಲಗಿದೆ. ಉದ್ದಕ್ಕೂ ದಪ್ಪ ಕಪ್ಪು ಕೋಟಿಂಗ್, ಬೆರಳಿಗೆ ಇನ್ನೂ ಅಂಟುತ್ತಿತ್ತು. ಎಡಗಡೆ ಹಿಂದಿನ ತೋಳನ್ನು ಒತ್ತಿದೆ, ಕೋಟಿಂಗ್ ಪದರದ ಜೊತೆ ತುಕ್ಕಿನ ಚಕ್ಕೆ ಬಂತು. ಒಳಗೆ ತಗಡಿನ ಮೇಲೆ ತಗಡು ಇಟ್ಟು ಅಲ್ಲಲ್ಲಿ ವೆಲ್ಡ್ ಮಾಡಿದ್ದಾರೆ. ಬಾಗಿಲ ಕೆಳಗೆ ಮ್ಯಾಗ್ನೆಟ್ ನಿಲ್ಲಲಿಲ್ಲ. ಟ್ರನಿಯನ್ ಪ್ರಶ್ನೆ ಕೇಳಿದೆ. "ಗ್ರೀಸಿಂಗ್ ಎಲ್ಲ ಆಗಿದೆ ಸರ್" ಅಂದರು. ಚಾಸಿ ಫೋಟೋ ಕೇಳಿದೆ, ಫೋನ್ ಬದಲಾಯಿಸಿದಾಗ ಹೋಯಿತು ಅಂದರು. ಚೀಟಿಯಲ್ಲಿ ಒಂದೇ ಸಾಲು. ಪೆಟ್ರೋಲ್ ಪೈಪು ಹಳೆಯದೇ. ಕೊನೆಗೆ ಏಳೂವರೆಗೆ ಇಳಿದರು. ಟೀ ಕೊಟ್ಟರು, ಕುಡಿದು ಬಂದೆ. ಮಕ್ಕಳನ್ನು ಅದರಲ್ಲಿ ಕೂರಿಸುವುದಕ್ಕೆ ಮನಸ್ಸು ಬರಲಿಲ್ಲ.

ಚಳ್ಳಕೆರೆಗೆ ನಿನ್ನೆ ಹೋದೆ. ಕೋಟೆಕಡೆಯವರು ಹೇಳಿದ್ದು ಅಕ್ಷರಕ್ಷರ ನಿಜ. ಚಾಸಿಗೆ ಇಪ್ಪತ್ತು ವರ್ಷದ ಎಣ್ಣೆ ಜಿಡ್ಡು, ಧೂಳು ಸೇರಿ ಹೊರಪದರ ಕಟ್ಟಿದೆ. ಕೆರೆದರೆ ಕೆಳಗೆ ಫ್ಯಾಕ್ಟರಿಯ ಕಪ್ಪು ಬಣ್ಣ ಕಂಡಿತು. ನಾಲ್ಕು ತೋಳೂ ಟಣ್ ಅಂದವು. ಡಿಕ್ಕಿ ನೆಲದಲ್ಲಿ ಸ್ಟೆಪ್ನಿ ಇಡುವ ಕಡೆ ಅಂಗೈಯಷ್ಟು ಜಾಗ ಹೋಗಿದೆ, ಬಲಗಡೆ ಬಾಗಿಲ ಕೆಳಗೂ ಸ್ವಲ್ಪ ಇದೆ. ಆರ್‌ಸಿ ತೀರಿಕೊಂಡ ಯಜಮಾನರ ಹೆಸರಿನಲ್ಲೇ ಇದೆ. ಮಗ ಫಾರಂ 31 ಮಾಡಿಸಿ ಕೊಡುತ್ತೇನೆ ಅಂದರು, ಅದು ಆದಮೇಲೇ ಪೂರ್ತಿ ದುಡ್ಡು ಅಂತ ಮಾತಾಯಿತು. ಎರಡು ಲಕ್ಷಕ್ಕೆ ಒಪ್ಪಿದರು. ಹೊರಡುವಾಗ ಅವರ ತಾಯಿ ಒಳಗಿನಿಂದ ಒಂದು ಬಟ್ಟೆ ಚೀಲ ತಂದುಕೊಟ್ಟರು. ಅದರಲ್ಲಿ ಗಾಡಿಯ ಹ್ಯಾಂಡ್‌ಬುಕ್ಕು, ಜಾಕ್ ಹಿಡಿ, ಮತ್ತೊಂದು ಜೊತೆ ಕೀ. "ಬಣ್ಣ ಬದಲಾಯಿಸಬೇಡಪ್ಪಾ" ಅಂದರು. ಇಲ್ಲಮ್ಮಾ ಅಂದೆ.

ಕಾಂಟೆಸ್ಸಾ ಅಣ್ಣನ ಮಾತು ತಲೆಯಲ್ಲಿದೆ. ಅದಕ್ಕೇ ಒಂದೇ ಗ್ಯಾರೇಜಿಗೆ ಒಪ್ಪಿಸಿ ಕಾಯುವುದು ಬೇಡ ಅಂದುಕೊಂಡಿದ್ದೇನೆ. ಗಾಡಿ ನಮ್ಮ ಅಂಗಡಿ ಹಿಂದಿನ ಶೆಡ್ಡಿನಲ್ಲೇ ಇರುತ್ತದೆ. ಮೊದಲು ಬ್ರೇಕು, ಟ್ರನಿಯನ್, ಪೈಪು. ಆಮೇಲೆ ಎಂಜಿನ್ ಇಳಿಸಿ ಹರಿಹರಕ್ಕೆ. ಆಮೇಲೆ ತಗಡು. ಬಿಚ್ಚಿದ ಪ್ರತಿ ಸಾಮಾನೂ ಚೀಟಿ ಬರೆದು ಡಬ್ಬಿಗೆ. ಪ್ರತಿ ಹಂತದ ಫೋಟೋ ಇಲ್ಲೇ ಹಾಕುತ್ತೇನೆ. ಐದು ಲಕ್ಷ ಕೈಯಲ್ಲಿ ಉಳಿಯುತ್ತದೆ, ಸಾಲದಿದ್ದರೆ ನಿಲ್ಲಿಸಿ ಮತ್ತೆ ಕೂಡಿಡುತ್ತೇನೆ.

ಲೇತ್ ಸರ್, ನೀವು ಕೇಳಿದಷ್ಟು ಕೂಲಿ. ಚೌಕಾಸಿ ಇಲ್ಲ.

ಲೇತ್_ಹರಿಹರ (ಹರಿಹರ)

ತನ್ನಿ ಸರ್. ನಮ್ಮ ಗುರುಗಳಿಗೆ ಹೇಳಿದೆ, 71 ವರ್ಷ ಅವರಿಗೆ. ಹೆರಾಲ್ಡ್ ಬ್ಲಾಕ್ ಬರುತ್ತಿದೆ ಅಂದ ತಕ್ಷಣ ಬೋರ್ ಗೇಜ್ ತೆಗೆದು ಒರೆಸಿಟ್ಟಿದ್ದಾರೆ. ನನ್ನ ಹತ್ತಿರ ಇಬ್ಬರು ಹುಡುಗರಿದ್ದಾರೆ, ಅವರನ್ನೂ ಪಕ್ಕದಲ್ಲಿ ನಿಲ್ಲಿಸುತ್ತೇನೆ.

ಕೋಟೆಕಡೆಯವ (ಚಿತ್ರದುರ್ಗ)

ತಮ್ಮಾ, ಗಾಡಿ ಸಾಗಿಸುವ ದಿನ ಹೇಳು. ಚಳ್ಳಕೆರೆಗೆ ನಾನೂ ಬರುತ್ತೇನೆ. ಟೋ ಮಾಡುವುದು ಬೇಡ, ಟ್ರನಿಯನ್ ಇಪ್ಪತ್ತು ವರ್ಷ ಒಣಗಿದೆ. ಸಣ್ಣ ಲಾರಿಗೆ ಹಲಗೆ ಹಾಕಿ ಹತ್ತಿಸೋಣ. ಹಲಗೆ ನನ್ನ ಹತ್ತಿರ ಇದೆ. ಗೇರ್ ಆಯಿಲ್ ಒಂದು ಲೀಟರ್ ಡಬ್ಬಿನೂ ತರುತ್ತೇನೆ.